ದಾಖಲೆಯ ಶುದ್ಧಿ, ವ್ಯವಹಾರದ ಶುದ್ಧಿ

ವಾಣಿಜ್ಯಶಾಸ್ತ್ರವನ್ನು ಓದಿ, ನಾಲ್ಕು ದಶಕಗಳನ್ನು ಲೆಕ್ಕದ ಪುಸ್ತಕಗಳ ನಡುವೆಯೇ ಕಳೆದ ನನಗೆ ಒಂದು ಸಂಗತಿ ಮನದಟ್ಟಾಗಿದೆ. ಖಾತೆಯಲ್ಲಿ ಸರಿಯಾಗಿ ಬರೆದ ಮಾತ್ರಕ್ಕೆ ವ್ಯವಹಾರವು ಶುದ್ಧವಾಗುವುದಿಲ್ಲ. ಬರಹವು ವ್ಯವಹಾರವನ್ನು ತೋರಿಸುತ್ತದೆ. ಅದರ ದೋಷವನ್ನು ತೊಳೆಯುವುದಿಲ್ಲ. ಬ್ರಿಟನ್ನಿನ ಸಂಸತ್ತಿನಲ್ಲಿ 2021ರಲ್ಲಿ ನಡೆದ ಪ್ರಕರಣವೊಂದು ಈ ಮಾತಿಗೆ ತಕ್ಕ ನಿದರ್ಶನವಾಗಿದೆ.

ಆ ದೇಶದ ಕೆಳಮನೆಯ ಸದಸ್ಯರು ಹೊರಗಿನ ವೃತ್ತಿ ವ್ಯಾಪಾರಗಳಲ್ಲಿ ತೊಡಗುವುದು ಪೂರ್ತಿಯಾಗಿ ನಿಷಿದ್ಧವಲ್ಲ. ಲೋಕಾನುಭವವುಳ್ಳವರು ಶಾಸನಸಭೆಯಲ್ಲಿರಬೇಕೆಂಬುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ಅಂತಹ ಗಳಿಕೆಯನ್ನು 28 ದಿನಗಳೊಳಗೆ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಬೇಕು. ಹಣ ಪಡೆದು, ಕೊಟ್ಟವರ ಪರವಾಗಿ ಸಚಿವರಲ್ಲಿಯೂ ಅಧಿಕಾರಿಗಳಲ್ಲಿಯೂ ವಕಾಲತ್ತು ನಡೆಸಬಾರದು. 1994ರಲ್ಲಿ ಕೆಲವು ಸದಸ್ಯರು ಹಣ ಪಡೆದು ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರೆಂಬ ಆರೋಪವೆದ್ದಾಗ ಪ್ರಧಾನಿ ಜಾನ್ ಮೇಜರ್ ಅವರು ಲಾರ್ಡ್ ನೋಲನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಸಾರ್ವಜನಿಕ ಜೀವನಕ್ಕೆಂದು ಆ ಸಮಿತಿಯು 1995ರಲ್ಲಿ ನಿರೂಪಿಸಿದ ಏಳು ತತ್ತ್ವಗಳಲ್ಲಿ ಮೊದಲನೆಯದೇ ನಿಃಸ್ವಾರ್ಥತೆ.

ಮಾಜಿ ಸಚಿವರೂ ಉತ್ತರ ಶ್ರಾಪ್‌ಶೈರಿನ ಸದಸ್ಯರೂ ಆಗಿದ್ದ ಓವನ್ ಪ್ಯಾಟರ್ಸನ್ ಅವರು 2015ರಿಂದ ರ್‍ಯಾಂಡಾಕ್ಸ್ ಎಂಬ ವೈದ್ಯಕೀಯ ಪರೀಕ್ಷಾ ಸಂಸ್ಥೆಗೆ ಸಲಹೆಗಾರರಾಗಿದ್ದರು. ಅದರಿಂದ ವರ್ಷಕ್ಕೆ ಸುಮಾರು 1,00,000 ಪೌಂಡುಗಳ ಸಂಭಾವನೆ ದೊರೆಯುತ್ತಿತ್ತು. 2021ರಲ್ಲಿ ಸಂಸತ್ ಸದಸ್ಯರ ವೇತನವು ಸುಮಾರು 82,000 ಪೌಂಡು ಮಾತ್ರ. ಮಾಂಸಾಹಾರ ತಯಾರಿಸುವ ಇನ್ನೊಂದು ಸಂಸ್ಥೆಯಿಂದಲೂ ಅವರಿಗೆ ಹಣ ಬರುತ್ತಿತ್ತು. ಈ ಹುದ್ದೆಗಳು ನೋಂದಣಿಯಲ್ಲಿ ದಾಖಲಾಗಿಯೇ ಇದ್ದವು. ಆದರೂ ಅವರು ಆ ಸಂಸ್ಥೆಗಳ ಪರವಾಗಿ ಸಚಿವರನ್ನೂ ಆಹಾರ ಮಾನಕ ಸಂಸ್ಥೆಯನ್ನೂ 14 ಬಾರಿ ಸಂಪರ್ಕಿಸಿದುದು ನಿಯಮದ ಉಲ್ಲಂಘನೆಯೆಂದು ಸದನದ ನಡವಳಿಕೆ ಸಮಿತಿಯು ನಿರ್ಣಯಿಸಿ, 30 ಅಧಿವೇಶನ ದಿನಗಳ ಅಮಾನತನ್ನು ಶಿಫಾರಸು ಮಾಡಿತು. ಜನರ ಆಹಾರ ಸುರಕ್ಷತೆಗಾಗಿಯೇ ಹಾಗೆ ಮಾಡಿದೆನೆಂಬುದು ಅವರ ವಾದವಾಗಿತ್ತು.

ಆಳುವ ಪಕ್ಷವು ನವೆಂಬರ್ 3ರಂದು 250ಕ್ಕೆ 232 ಮತಗಳಿಂದ ಶಿಕ್ಷೆಯನ್ನು ತಡೆಹಿಡಿಯಿತು. ಜನಾಭಿಪ್ರಾಯ ಕೆರಳಿದಾಗ ಮರುದಿನವೇ ಸರ್ಕಾರ ಹಿಂದೆ ಸರಿಯಿತು. ಪ್ಯಾಟರ್ಸನ್ ರಾಜೀನಾಮೆ ಪ್ರಕಟಿಸಿದರು. 2019ರಲ್ಲಿ ಸುಮಾರು 23,000 ಮತಗಳ ಅಂತರದಿಂದ ಗೆದ್ದಿದ್ದ ಕ್ಷೇತ್ರವನ್ನು ಆ ಪಕ್ಷವು ಡಿಸೆಂಬರ್ 16ರ ಉಪಚುನಾವಣೆಯಲ್ಲಿ ಕಳೆದುಕೊಂಡಿತು. 2023ರ ಮಾರ್ಚ್ ತಿಂಗಳಿಂದ ಸಂಸದೀಯ ಸಲಹೆಗಾಗಿ ಹಣ ಪಡೆಯುವುದನ್ನೂ ನಿಷೇಧಿಸಲಾಯಿತು.

ಮಾರುಕಟ್ಟೆಯಲ್ಲಿ ದಲ್ಲಾಳಿಯು ಎರಡೂ ಕಡೆಗೆ ತಿಳಿಸಿ ಎರಡೂ ಕಡೆಯಿಂದ ದಲಾಲಿ ಪಡೆದರೆ ನಾವು ಆಕ್ಷೇಪಿಸುವುದಿಲ್ಲವಲ್ಲ, ಇಲ್ಲೇನು ದೋಷವೆಂದು ವಾಚಕರು ಕೇಳಬಹುದು. ವ್ಯತ್ಯಾಸವಿದೆ. ಒಪ್ಪದ ಗಿರಾಕಿ ಬೇರೊಬ್ಬ ದಲ್ಲಾಳಿಯ ಬಳಿಗೆ ಹೋಗಬಲ್ಲನು. ಒಂದು ಕ್ಷೇತ್ರದ ಮತದಾರನಿಗೆ ಇರುವ ಪ್ರತಿನಿಧಿ ಒಬ್ಬನೇ. ದಲ್ಲಾಳಿಯು ಮಾರುವುದು ತನ್ನ ಸ್ವಂತ ಶ್ರಮವನ್ನು. ಸದಸ್ಯನಿಗೆ ಸಚಿವರ ಬಾಗಿಲು ತೆರೆಯುವುದು ಜನರು ಕೊಟ್ಟ ಸ್ಥಾನದ ಬಲದಿಂದ. ಆ ಸ್ಥಾನವು ಅವನ ಬಳಿ ಇಟ್ಟ ನ್ಯಾಸ. ನ್ಯಾಸದ ಮೇಲೆ ಬಾಡಿಗೆ ಪಡೆದು, ಆ ಬಾಡಿಗೆಗೆ ರಸೀದಿ ಬರೆದಿಟ್ಟರೂ, ಅದು ಅವನ ಸ್ವಂತದ ಸಂಪಾದನೆಯಾಗದು.

ಆದುದರಿಂದ ಪರರ ನಂಬಿಕೆಯನ್ನು ಹೊತ್ತ ಯಾರೇ ಆಗಲಿ, ಗಳಿಕೆಯನ್ನು ಬರೆದಿದ್ದೇನೆಯೇ ಎಂದು ಕೇಳಿಕೊಳ್ಳುವುದಕ್ಕೆ ಮೊದಲು, ಗಳಿಸಿದುದು ಯಾರ ಸೊತ್ತಿನಿಂದ ಎಂದು ಕೇಳಿಕೊಳ್ಳುವುದು ಲೇಸು.