ಲೆಕ್ಕಕ್ಕೆ ಬರೆದುಕೊಳ್ಳಿ

ಅಜ್ಜಂಪುರದ ಪೇಟೆಬೀದಿಯಲ್ಲಿ ಹಿಂದೆ ದಿನಕ್ಕೆ ನೂರು ಸಲವಾದರೂ ಕಿವಿಗೆ ಬೀಳುತ್ತಿದ್ದ ಮಾತೊಂದುಂಟು: “ಶೆಟ್ರೇ, ಲೆಕ್ಕಕ್ಕೆ ಬರೆದುಕೊಳ್ಳಿ.” ಬೆಲ್ಲ, ಬೇಳೆ, ಸೀಮೆಎಣ್ಣೆ, ಹಬ್ಬದ ಜವಳಿ ಎಲ್ಲವೂ ಈ ಒಂದು ಮಾತಿನ ಬಲದಿಂದ ಅಂಗಡಿಯಿಂದ ಮನೆಗೆ ನಡೆದುಬರುತ್ತಿದ್ದವು. ಈರುಳ್ಳಿ ಕಿತ್ತು ಮಾರಿದ ವಾರ ಅಜ್ಜಂಪುರದ ಲೆಕ್ಕ ಚುಕ್ತಾ. ಅಡಕೆ ಮಂಡಿಗೆ ಹೋದಾಗ ತರೀಕೆರೆಯ ಲೆಕ್ಕ ಚುಕ್ತಾ. ತೆಂಗಿನಕಾಯಿ ಇಳಿಸಿ ಮಾರಿದಾಗ ಕಡೂರಿನ ಲೆಕ್ಕ ಚುಕ್ತಾ. ಮಳೆ ಕೈಕೊಟ್ಟ ವರ್ಷ ಶೆಟ್ಟರು ಹಳೆಯ ಬಾಕಿಯನ್ನು ಹೊಸ ಹಾಳೆಗೆ ಎತ್ತಿ ಬರೆದುಕೊಂಡು, ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದರು.

ಆ ಪುಸ್ತಕದಲ್ಲಿ ಇರುತ್ತಿದ್ದುದು ಬರಿಯ ಅಂಕಿಗಳು. ಹೇಳಿದ ದಿನಕ್ಕೆ ಬರುವವರಾರು, ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಓಣಿ ಹಿಡಿಯುವವರಾರು, ಇವೆಲ್ಲ ಶೆಟ್ಟರ ನೆನಪಿನಲ್ಲಿರುತ್ತಿದ್ದವು. ಆ ನೆನಪಿಗೆ ದೋಷವಿಲ್ಲದೆ ಇರಲಿಲ್ಲ. ನಾಲ್ಕು ಎಕರೆ ಹೊಲವಿದ್ದವನಿಗೆ ಪುಸ್ತಕದಲ್ಲಿ ಒಂದು ಹಾಳೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಕೂಲಿ ಮಾಡಿ ಬದುಕುವವನು ಎಷ್ಟೇ ಪ್ರಾಮಾಣಿಕನಾದರೂ ಅವನಿಗೆ ಹಾಳೆ ಸಿಕ್ಕುವುದು ದುರ್ಲಭವಾಗಿತ್ತು. ಅಂಗಡಿಯ ನಂಬಿಕೆ ಮನುಷ್ಯನನ್ನು ನೋಡುತ್ತಿತ್ತು, ನಿಜ. ಆದರೆ ಅವನ ಹಿಂದಿದ್ದ ಮನೆತನವನ್ನೂ ಹೊಲವನ್ನೂ ಮೊದಲು ನೋಡುತ್ತಿತ್ತು.

ಅಂಥದೊಂದು ಹಾಳೆಯನ್ನು ನಲವತ್ತು ವರ್ಷ ಮಾಸದಂತೆ ಕಾಪಾಡಿಕೊಂಡು ಬಂದ ರೈತನೊಬ್ಬನ ಮೊಮ್ಮಗ ಕಡೂರಿಗೆ ಓದಲು ಹೋದನು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರಕ್ಕೂ ಕಡೂರಿಗೂ ನಡುವೆ ಬೀರೂರು ಜಂಕ್ಷನ್. ಶಿವಮೊಗ್ಗದ ಕಡೆಯ ರೈಲುದಾರಿ ಅಲ್ಲಿಯೇ ಬಂದು ಕೂಡುವುದರಿಂದ ತರೀಕೆರೆಯ ಹುಡುಗರ ಪರಿಚಯವೂ ಅಲ್ಲಿಯೇ ಆಗುವುದು. ಹೀಗೆ ಆ ಹುಡುಗನಿಗೆ ತರೀಕೆರೆಯ ಒಬ್ಬ ಗೆಳೆಯ ದೊರೆತನು. ಇಬ್ಬರದೂ ಒಂದೇ ತರಗತಿ, ಒಂದೇ ಬುತ್ತಿ, ಪರೀಕ್ಷೆಯ ಕಾಲಕ್ಕೆ ಒಂದೇ ಪುಸ್ತಕ.

ಒಂದು ಸಂಜೆ ಬೀರೂರಿನ ಪ್ಲಾಟ್‌ಫಾರ್ಮಿನ ಮೇಲೆ ಗೆಳೆಯನು ತಡವರಿಸುತ್ತ ಕೇಳಿದನು: “ಲೋ, ಒಂದು ಉಪಕಾರ ಮಾಡ್ತೀಯಾ? ಒಂದು ಫೋನು ಕಂತಿನಲ್ಲಿ ತಗೋಬೇಕು. ನನ್ನ ಹೆಸರಿಗೆ ಕೊಡಲ್ಲ ಅಂದರು. ನಿನ್ನ ಹೆಸರಿನಲ್ಲಿ ತಗೊಡು, ಕಂತು ನಾನು ಕಟ್ತೀನಿ.”

ಹದಿನೆಂಟು ಸಾವಿರ ರೂಪಾಯಿ. ತಿಂಗಳಿಗೆ ಸಾವಿರದ ಎಂಟುನೂರರಂತೆ ಹತ್ತು ಕಂತು. ಬಡ್ಡಿಯಿಲ್ಲವೆಂದು ಅಂಗಡಿಯ ಬೋರ್ಡೇ ಹೇಳುತ್ತಿತ್ತು. ಹಣ ಕೇಳಿದ್ದರೆ ಹುಡುಗನು ಕೈ ಚೆಲ್ಲುತ್ತಿದ್ದನು, ಏಕೆಂದರೆ ಅವನ ಜೇಬಿನಲ್ಲಿ ಹಣವಿರಲಿಲ್ಲ. ಕೇಳಿದ್ದು ಹೆಸರು. ಹೆಸರಿಗೆ ಖರ್ಚೇನು? ಫೋನಿಗೆ ಬಂದ ಆರು ಅಂಕಿಗಳನ್ನು ಅಂಗಡಿಯವನಿಗೆ ಓದಿ ಹೇಳುವುದರೊಳಗೆ ಎಲ್ಲವೂ ಮುಗಿಯಿತು.

ಐದು ತಿಂಗಳು ಗೆಳೆಯನು ತಪ್ಪದೆ ಹಣ ತಂದುಕೊಟ್ಟನು. ಆರನೆಯ ತಿಂಗಳು ಅವನು ಸಂಜೆಯ ಹೊತ್ತು ಮಾಡುತ್ತಿದ್ದ ಚಿಲ್ಲರೆ ಕೆಲಸ ಹೋಯಿತು. ತಂದೆಯ ಕಾಯಿಲೆಯಿಂದ ಮನೆಯಲ್ಲಿ ಕೈ ಕಟ್ಟಿತು. “ನಾಳೆ” ಎಂದನು, ಮುಂದಿನ ತಿಂಗಳು ಅದನ್ನೂ ಹೇಳಲಾರದೆ ಬೇರೆ ಬೋಗಿ ಹತ್ತತೊಡಗಿದನು. ಹುಡುಗನ ಫೋನಿಗೆ ಎಚ್ಚರಿಕೆಯ ಸಂದೇಶಗಳು ಬರುತ್ತಲೇ ಇದ್ದವು. ತನ್ನದಲ್ಲದ ಸಾಲವೆಂದು ಅವನು ಅವುಗಳನ್ನು ಓದದೆ ಅಳಿಸುತ್ತಿದ್ದನು. ಹೀಗೆ ಮೂರು ಕಂತು ನಿಂತುಹೋದವು.

ಪದವಿ ಮುಗಿಯಿತು. ಮೈಸೂರಿನಲ್ಲಿ ಎಂ.ಸಿ.ಎ. ಓದಲು ಸೀಟು ದೊರೆಯಿತು. ತಂದೆ ಮಗ ಇಬ್ಬರೂ ಮಡಿಯಂಗಿ ತೊಟ್ಟು ವಿದ್ಯಾಭ್ಯಾಸದ ಸಾಲಕ್ಕೆಂದು ಬ್ಯಾಂಕಿಗೆ ಹೋದರು. ಬೆಳೆಸಾಲವನ್ನು ವರ್ಷ ವರ್ಷವೂ ತೀರಿಸಿದ ತಂದೆಗೆ ಅಳುಕಿರಲಿಲ್ಲ. ಮೇನೇಜರು ಗಣಕಯಂತ್ರದ ಮೇಲೆ ಕಣ್ಣಾಡಿಸಿ ಹುಡುಗನತ್ತ ತಿರುಗಿದರು.

“ನಿನ್ನ ಹೆಸರಿನಲ್ಲಿ ಬಾಕಿ ಇದೆಯಲ್ಲಪ್ಪ?”

“ಅದು ನನ್ನದಲ್ಲ ಸಾರ್, ಗೆಳೆಯನದು.”

“ಫೋನು ಯಾರ ಕೈಯಲ್ಲಿದೆ ಅನ್ನೋದು ಇಲ್ಲಿ ಕಾಣಿಸೋದಿಲ್ಲ. ಸಾಲ ಯಾರ ಹೆಸರಿನಲ್ಲಿದೆ ಅನ್ನೋದು ಕಾಣಿಸ್ತದೆ.”

ತಂದೆಯು ಮಗನ ಮುಖವನ್ನೊಮ್ಮೆ ನೋಡಿದನು. ಅಂದು ಅಜ್ಜಂಪುರದವರೆಗೂ ಇಬ್ಬರಲ್ಲಿ ಮಾತಿಲ್ಲ.

ಶೆಟ್ಟರ ನೆನಪಿನ ಸ್ಥಾನಕ್ಕೆ ಈ ಯಂತ್ರದ ನೆನಪು ಬಂದುದು ಒಂದೇ ದಿನದಲ್ಲಲ್ಲ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಹುಟ್ಟಿ, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದ ಮೈಸೂರು ಬ್ಯಾಂಕಿನ ಕಾಲದಲ್ಲಿಯೂ ಸಾಲ ಕೇಳಿದವನ ಯೋಗ್ಯತೆಯನ್ನು ಊರಿನ ನಾಲ್ಕು ಜನರ ಬಾಯಿಂದಲೇ ತಿಳಿಯಬೇಕಾಗಿತ್ತು. 1928ರಲ್ಲಿ ಉಡುಪಿಯ ಟಿ. ಎಂ. ಎ. ಪೈಗಳು ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಲ್ಲಿ ಸಂಗ್ರಹಿಸುವ ಏರ್ಪಾಡು ಮಾಡಿದಾಗ, ಹೊಲಮನೆಯಿಲ್ಲದವನ ಕ್ರಮಬದ್ಧತೆಗೂ ಒಂದು ಲಿಖಿತ ಸಾಕ್ಷಿ ದೊರೆಯಿತು. 2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. 2005ರಲ್ಲಿ ಇಂತಹ ಸಂಸ್ಥೆಗಳಿಗಾಗಿ ಸಂಸತ್ತು ಕಾಯಿದೆಯನ್ನು ರಚಿಸಿತು. ಇಂದು ಈ ಬಗೆಯ ನಾಲ್ಕು ಸಂಸ್ಥೆಗಳಿವೆ. ಬ್ಯಾಂಕುಗಳೂ ಕಂತಿನ ಸಾಲ ಕೊಡುವ ಕಂಪನಿಗಳೂ ಯಾರು ಎಷ್ಟು ಪಡೆದರು, ಯಾವ ದಿನ ಕಟ್ಟಿದರು, ಯಾವಾಗ ತಪ್ಪಿದರು ಎಂಬುದನ್ನು ಇವಕ್ಕೆ ವರದಿ ಮಾಡುತ್ತವೆ. ಅದನ್ನೆಲ್ಲ ಅರೆದು 300ರಿಂದ 900ರವರೆಗಿನ ಒಂದು ಅಂಕ ಹೊರಡುತ್ತದೆ. 750ರ ಆಚೆಗೆ ಇದ್ದರೆ ಸಾಲ ಕೊಡುವವರು ಸಾಮಾನ್ಯವಾಗಿ ನಗುಮುಖ ತೋರುತ್ತಾರೆ.

ಈ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಮಳೆ ಬಾರದ ವರ್ಷ ನಿಟ್ಟುಸಿರು ಬಿಡುವುದು ಅದಕ್ಕೆ ತಿಳಿಯದು. ಆದರೆ “ಯಾರ ಮಗ?” ಎಂದೂ ಅದು ಕೇಳುವುದಿಲ್ಲ. ಕೂಲಿಯವನ ಮಗಳು ಸಾವಿರ ರೂಪಾಯಿಯ ಸಾಲವನ್ನು ದಿನ ತಪ್ಪದೆ ತೀರಿಸಿದರೆ ಅವಳ ಹಾಳೆಯೂ ಜಮೀನ್ದಾರನ ಮಗನ ಹಾಳೆಯಷ್ಟೇ ಶುಭ್ರ. ಹಿಂದೆಂದೂ ಸಾಲ ಮಾಡಿಲ್ಲವೆಂಬ ಒಂದೇ ಕಾರಣಕ್ಕೆ ಯಾರ ಅರ್ಜಿಯನ್ನೂ ತಳ್ಳಿಹಾಕಬಾರದೆಂದು 2025ರಲ್ಲಿ ರಿಸರ್ವ್ ಬ್ಯಾಂಕು ತಿಳಿಸಿದೆ. ಬರಿಯ ಹಾಳೆಗೆ ಕ್ಷಮೆಯುಂಟು. ಮಸಿ ಚೆಲ್ಲಿದ ಹಾಳೆಯದೇ ಕಷ್ಟ.

ರಾತ್ರಿ ಜಗುಲಿಯ ಮೇಲೆ ತಾತನು ವಿಷಯವನ್ನೆಲ್ಲ ಕೇಳಿದನು. ಬಯ್ಯಲಿಲ್ಲ. ಎಲೆಯಡಕೆಯನ್ನು ದವಡೆಗೆ ಸರಿಸಿ ಇಷ್ಟೇ ಹೇಳಿದನು: “ದುಡ್ಡು ಕೇಳಿದರೆ, ಇದ್ದರೆ ಕೊಡು ಮಗ. ಅದು ಹೋದರೂ ದುಡ್ಡೇ ಹೋಯ್ತು. ಹೆಸರು ಕೇಳಿದರೆ ಮನೆಗೆ ಬಂದು ಕೇಳಿ ಆಮೇಲೆ ಕೊಡು. ಅದು ನಿನ್ನೊಬ್ಬನದಲ್ಲ.”

ಮಾತು ಅಕ್ಷರಶಃ ನಿಜ. ವಿದ್ಯಾಭ್ಯಾಸದ ಸಾಲದಲ್ಲಿ ತಂದೆಯೋ ತಾಯಿಯೋ ಜೊತೆಸಾಲಗಾರರಾಗಿ ಸಹಿ ಹಾಕುವುದು ವಾಡಿಕೆ. ಮುಂದೆ ಮಗನು ಕಂತು ತಪ್ಪಿದರೆ ಆ ಕಪ್ಪು ತಂದೆಯ ಹಾಳೆಗೂ ಹತ್ತುವುದು. ಆ ವರ್ಷದ ಬೆಳೆಸಾಲಕ್ಕೆ ಹೋದಾಗ, ಈರುಳ್ಳಿ ಬೆಳೆದವನು ಓದಿದವನ ತಪ್ಪಿಗೆ ಉತ್ತರ ಹೇಳಬೇಕಾಗುವುದು.

ಮರುದಿನ ಹುಡುಗನು ತರೀಕೆರೆಗೆ ಹೋದನು. ಗೆಳೆಯನು ಮುಖ ಮರೆಸಿಕೊಳ್ಳಲಿಲ್ಲ. ಬಹುಶಃ ಯಾರಾದರೂ ಬಂದು ಕೇಳಲೆಂದೇ ಕಾದಿದ್ದನು. ಅದು ಅಡಕೆ ಸುಲಿಯುವ ಕಾಲ. ಎರಡು ವಾರ ರಾತ್ರಿ ಹೊತ್ತು ಅಡಕೆ ಸುಲಿದು ಬಂದ ಕೂಲಿ ನಾಲ್ಕು ಸಾವಿರವನ್ನು ಬೆರಳಿನ ಕರೆ ಆರುವ ಮುನ್ನವೇ ತಂದುಕೊಟ್ಟನು.

ಬಾಕಿ ಒಟ್ಟು ಒಂಬತ್ತು ಸಾವಿರ, ಮೇಲೆ ದಂಡ. ಅಷ್ಟರಲ್ಲಿ ಸಾಲ ಕೊಟ್ಟ ಕಡೆಯಿಂದ ಫೋನು ಬಂದಿತು: “ಆರು ಸಾವಿರ ಕೊಟ್ಟುಬಿಡಿ, ಇತ್ಯರ್ಥ ಮಾಡಿ ಮುಗಿಸೋಣ.” ಹುಡುಗನಿಗೆ ದೇವರೇ ಮಾತನಾಡಿದಂತಾಯಿತು. ಓಡಿಹೋಗಿ ಮೇನೇಜರನ್ನು ಕೇಳಿದಾಗ ಅವರು ತಲೆಯಾಡಿಸಿದರು. ರಿಯಾಯಿತಿ ಪಡೆದು ಮುಗಿಸಿದ ಸಾಲವು “ಇತ್ಯರ್ಥವಾಯಿತು” ಎಂದು ದಾಖಲಾಗುವುದೇ ಹೊರತು “ತೀರಿತು” ಎಂದಲ್ಲ. ಕೊಟ್ಟವನು ನಷ್ಟ ತಿಂದನೆಂದು ಮುಂದಿನವರು ಅದನ್ನು ಓದಿಕೊಳ್ಳುತ್ತಾರೆ. ಪೂರ್ತಿ ಕಟ್ಟಬೇಕು, ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಬೇಕು, ಆ ಪತ್ರವನ್ನು ಜೋಪಾನ ಮಾಡಬೇಕು ಎಂದು ಅವರ ಉಪದೇಶ.

ಉಳಿದ ಹಣಕ್ಕೆ ತಾತನು ಟ್ರಂಕಿನ ಅಡಿಯಿಂದ ವೃದ್ಧಾಪ್ಯದ ಪಿಂಚಣಿಯ ಗಂಟನ್ನು ತೆಗೆದನು. ಎಣಿಸಿ ಕೊಡುವ ಮೊದಲು ಹಳೆಯ ನೋಟುಪುಸ್ತಕವೊಂದನ್ನು ಮೊಮ್ಮಗನ ಮುಂದೆ ಇಟ್ಟನು.

“ಇದೂ ಸಾಲವೇ. ಲೆಕ್ಕಕ್ಕೆ ಬರೆದುಕೋ.”

ಸಾಲ ತೀರಿತು, ಪತ್ರವೂ ಬಂದಿತು. 2025ರ ಆರಂಭದಲ್ಲಿ ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆ ವರದಿ ಕಳುಹಿಸಬೇಕೆಂಬ ನಿಯಮ ಜಾರಿಗೆ ಬಂದಿದ್ದುದರಿಂದ ದಾಖಲೆ ತಿದ್ದಿಕೊಳ್ಳಲು ಬಹಳ ದಿನ ಹಿಡಿಯಲಿಲ್ಲ. ಆದರೆ ಕಂತು ತಪ್ಪಿದ ಮೂರು ತಿಂಗಳು ಅಳಿಸಿಹೋಗಲಿಲ್ಲ. ಮೂವತ್ತಾರು ತಿಂಗಳ ನಡತೆ ಆ ವರದಿಯಲ್ಲಿ ಕಾಣುತ್ತಲೇ ಇರುತ್ತದೆ. ಅಂಕ ಕಡಿಮೆಯೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಗೆ ವಿದ್ಯಾಭ್ಯಾಸದ ಸಾಲ ನಿರಾಕರಿಸಬಾರದೆಂದು 2023ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಹೇಳಿದ್ದುಂಟು. ಅಜ್ಜಂಪುರದ ರೈತ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುವವರೆಗೆ ಕಾಲೇಜಿನ ಕೊನೆಯ ದಿನಾಂಕ ಕಾಯುವುದೇ? ಮೈಸೂರಿನ ಸೀಟು ಕೈತಪ್ಪಿತು. ಮುಂದಿನ ಸುತ್ತಿನಲ್ಲಿ ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು, ಸಾಲವೂ ಮಂಜೂರಾಯಿತು. ಮೊತ್ತ ನಾಲ್ಕು ಲಕ್ಷದೊಳಗೆ ಇದ್ದುದರಿಂದ ಹೊಲದ ಪತ್ರವನ್ನು ಅಡವಿಡುವ ಪ್ರಮೇಯ ಬರಲಿಲ್ಲ.

ಒಮ್ಮೆ ಸುಟ್ಟುಕೊಂಡ ಕೈ ಬೇಗ ಕಲಿಯುತ್ತದೆ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿಯು ಮಲಗಿ ನಿದ್ರಿಸುವುದಿಲ್ಲವೆಂಬುದನ್ನು ಹುಡುಗನು ಅರಿತನು. ನೆರೆಮನೆಯ ಮಕ್ಕಳಿಗೆ ಪಾಠ ಹೇಳಿ ಬಂದುದರಲ್ಲಿ ತಿಂಗಳು ತಿಂಗಳು ಆ ಬಡ್ಡಿಯನ್ನಾದರೂ ಕಟ್ಟತೊಡಗಿದನು. ಹತ್ತು ಸಾವಿರದ ಠೇವಣಿಯಿಟ್ಟು ಅದರ ಆಧಾರದ ಮೇಲೆ ಒಂದು ಕ್ರೆಡಿಟ್ ಕಾರ್ಡು ಪಡೆದನು. ಅದರಿಂದ ತಿಂಗಳಿಗೆ ಪುಸ್ತಕ, ರೈಲಿನ ಪಾಸು ಇಷ್ಟನ್ನೇ ಕೊಳ್ಳುವನು. ಮಿತಿಯ ಮೂರರಲ್ಲಿ ಒಂದು ಪಾಲು ದಾಟನು. ಬಿಲ್ಲು ಬಂದೊಡನೆ ಪೂರ್ತಿ ಕಟ್ಟುವನು. “ಕನಿಷ್ಠ ಮೊತ್ತ” ಎಂದು ಬಿಲ್ಲಿನಲ್ಲಿ ಅಚ್ಚಾಗುವ ಆ ಮಧುರವಾದ ಮಾತು ಎಂತಹ ಗುಂಡಿಯೆಂಬುದೂ ಅವನಿಗೆ ತಿಳಿದಿದೆ. ಉಳಿದುದರ ಮೇಲೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ವರ್ಷಕ್ಕೆ ನಲವತ್ತೆರಡಾಯಿತು. ಹಳ್ಳಿಯ ಲೇವಾದೇವಿಗಾರ ನೂರಕ್ಕೆ ಮೂರು ಎಂದರೆ ಬೆಚ್ಚಿಬೀಳುವ ಜನ, ಕಾರ್ಡಿನ ಮೇಲೆ ಅದಕ್ಕಿಂತ ಹೆಚ್ಚನ್ನು ನಗುನಗುತ್ತ ಕೊಡುತ್ತಾರೆ!

ವರ್ಷಕ್ಕೊಮ್ಮೆ ಪ್ರತಿಯೊಂದು ಸಂಸ್ಥೆಯಿಂದಲೂ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಉಂಟು. ಹುಡುಗನು ಯುಗಾದಿಯ ಮರುದಿನ ಅದನ್ನು ತರಿಸಿ ಓದುತ್ತಾನೆ. ತಾನು ಮಾಡದ ಸಾಲವೇನಾದರೂ ತನ್ನ ಹೆಸರಿನಲ್ಲಿ ಕುಳಿತಿದೆಯೇ ಎಂದು ಒಂದೊಂದು ಸಾಲನ್ನೂ ನೋಡುತ್ತಾನೆ. ಕಂತು ತಪ್ಪಿದ ಆ ಮೂರು ತಿಂಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿವೆ. ಅವುಗಳ ಮುಂದೆ ತಪ್ಪದ ತಿಂಗಳುಗಳು ಸಾಲುಗಟ್ಟುತ್ತಿವೆ. ಗೆಳೆಯನೊಡನೆ ಸ್ನೇಹ ಕೆಟ್ಟಿಲ್ಲ. ಅವನೀಗ ಹಣ ಬೇಕಾದರೆ ಹಣವನ್ನೇ ಕೇಳುತ್ತಾನೆ, ಹೆಸರನ್ನು ಕೇಳುವುದಿಲ್ಲ.

ತಿಂಗಳ ಮೊದಲ ಭಾನುವಾರ ಹುಡುಗನು ಅಜ್ಜಂಪುರಕ್ಕೆ ಬಂದು ಜಗುಲಿಯ ಮೇಲೆ ಐನೂರು ರೂಪಾಯಿ ಇಡುತ್ತಾನೆ. ತಾತನು ನೋಟನ್ನು ಬೆಳಕಿಗೆ ಹಿಡಿದು ನೋಡಿ, ನೋಟುಪುಸ್ತಕವನ್ನು ತರಿಸಿ, ನಡುಗುವ ಕೈಯಿಂದ ಒಂದು ಗೀಟು ಎಳೆಯುತ್ತಾನೆ. “ಒಂದು ವಾರ ತಡವಾದರೂ ನಡೀತಿತ್ತು ಬಿಡಪ್ಪ” ಎಂದು ಅಜ್ಜಿಯು ಒಳಗಿನಿಂದ ಹೇಳುವಳು.

“ನಡೀತಿರಲಿಲ್ಲ” ಎಂದು ತಾತನೂ ಮೊಮ್ಮಗನೂ ಒಟ್ಟಿಗೆ ಹೇಳುತ್ತಾರೆ.