ಕಂಡದ್ದು, ಕೇಳಿದ್ದು, ಸೇರಿಸಿಕೊಂಡದ್ದು

ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೋಗುವ ಮುನ್ನ ನಮಗೆ ವೀಕ್ಷಣಾ ವರದಿ ಬರೆಯುವುದನ್ನು ಕಲಿಸುತ್ತಾರೆ. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಮೊದಲ ದಿನ ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಬರೆದರು. ‘ಹುಡುಗನಿಗೆ ಪಾಠದಲ್ಲಿ ಆಸಕ್ತಿ ಇರಲಿಲ್ಲ’ ಎಂಬುದು ಒಂದು. ‘ಹುಡುಗ ಹತ್ತು ನಿಮಿಷದಲ್ಲಿ ನಾಲ್ಕು ಸಲ ಕಿಟಕಿಯ ಕಡೆ ನೋಡಿದ’ ಎಂಬುದು ಇನ್ನೊಂದು. ಎರಡನೆಯದು ಕಂಡದ್ದು, ಮೊದಲನೆಯದು ಕಂಡದ್ದರ ಮೇಲೆ ನಾವು ಕಟ್ಟಿದ್ದು ಎಂದು ಹೇಳಿದರು. ಅಂದಿನಿಂದ ನಮ್ಮ ವರದಿಯ ಹಾಳೆಯಲ್ಲಿ ಕಂಡದ್ದು, ಕೇಳಿದ್ದು, ಸೇರಿಸಿಕೊಂಡದ್ದು ಎಂಬ ಮೂರು ಕಂಬಸಾಲುಗಳು ಬಂದವು. ತರಗತಿಗೆಂದು ಕಲಿತ ಈ ಪದ್ಧತಿ ನನ್ನ ಬಾಲ್ಯದ ಒಂದು ನೆನಪಿಗೆ ಹೇಗೆ ಉಪಯೋಗಕ್ಕೆ ಬಂತು ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡಲು ಈ ಬರಹ.

ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಎಡ್. ಎರಡು ವರ್ಷದ್ದಾದ ಮೇಲೆ ಸ್ವ-ಅರಿವು ಕೂಡ ಪಠ್ಯಕ್ರಮದ ಭಾಗವಾಗಿದೆ. ಅದರ ದಿನಚರಿಯಲ್ಲಿ ‘ನನ್ನನ್ನು ರೂಪಿಸಿದ ಒಂದು ಬಾಲ್ಯದ ಘಟನೆ’ ಬರೆಯಬೇಕಿತ್ತು. ನಾನು ಬರೆದದ್ದು ಒಂದೇ ವಾಕ್ಯ: ‘ನನ್ನ ಅಪ್ಪನಿಗೆ ನಾನು ಬೇಡವಾಗಿದ್ದೆ.’

ನಮ್ಮದು ರಾಯಚೂರು ಜಿಲ್ಲೆಯ ಮಳೆಯಾಶ್ರಿತ ಊರು. ನನಗೆ ಒಂಬತ್ತು ವರ್ಷವಿದ್ದಾಗ, 2003ರಲ್ಲಿ, ಬರದ ಕಾರಣ ಅಪ್ಪ ಅವ್ವ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಮೂರು ವರ್ಷದ ತಮ್ಮನನ್ನು ಕರೆದುಕೊಂಡು ಹೋದರು, ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟರು. ಮೂರು ವರ್ಷ ಹಾಗೆಯೇ ಕಳೆಯಿತು. ತಿಂಗಳಿಗೊಮ್ಮೆ ಕಿರಾಣಿ ಅಂಗಡಿಯ ಫೋನಿಗೆ ಕರೆ ಬರುತ್ತಿತ್ತು. ಅಪ್ಪ ಅಜ್ಜಿಯ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದರು, ನನ್ನನ್ನು ಕರೆಯಿರಿ ಎಂದು ಒಮ್ಮೆಯೂ ಹೇಳಲಿಲ್ಲ. ಎರಡು ಯುಗಾದಿಗೆ ಅವರು ಊರಿಗೆ ಬರಲಿಲ್ಲ. ಓಣಿಯವರು ‘ಗಂಡುಮಗನ್ನ ಒಯ್ದ್ರು, ಹೆಣ್ಣನ್ನ ಮುದುಕಿ ಕೊಳ್ಳಿಗೆ ಕಟ್ಟಿದ್ರು’ ಎನ್ನುತ್ತಿದ್ದರು. ಆ ಮಾತು ನನ್ನೊಳಗೆ ಬೇರು ಬಿಟ್ಟಿತು. ಮುಂದೆ ಶಾಲೆಯಲ್ಲಿ ಬಹುಮಾನ ಬಂದರೂ, ಮದುವೆಯಾದರೂ, ನನಗೇ ಮಗು ಹುಟ್ಟಿದರೂ ಅದು ಕದಲಲಿಲ್ಲ. ಯಾರಾದರೂ ನನ್ನನ್ನು ಬಿಟ್ಟು ಮೊದಲು ಹೊರಟರೆ ಇಂದಿಗೂ ಎದೆ ಹಿಡಿದಂತಾಗುತ್ತಿತ್ತು.

ನನ್ನ ವಾಕ್ಯವನ್ನು ಓದಿದ ಉಪನ್ಯಾಸಕರು ಸಮಾಧಾನವನ್ನೂ ಹೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ‘ಮೂರು ಕಂಬಸಾಲಿಗೆ ಹಾಕಿ ನೋಡಿ’ ಎಂದಷ್ಟೇ ಬರೆದರು.

ಹಾಕಿ ನೋಡಿದೆ. ಬಸ್ಸು ಹೊರಟದ್ದು, ತಮ್ಮ ಅವ್ವನ ಮಡಿಲಲ್ಲಿದ್ದದ್ದು, ಫೋನಿನಲ್ಲಿ ನನ್ನನ್ನು ಕರೆಯದೆ ಇದ್ದದ್ದು, ಯುಗಾದಿಗೆ ಬಾರದ್ದು ‘ಕಂಡದ್ದು’ ಸಾಲಿಗೆ ಹೋದವು. ಓಣಿಯವರ ಮಾತು ‘ಕೇಳಿದ್ದು’ ಸಾಲಿಗೆ ಹೋಯಿತು. ‘ಬೇಡವಾಗಿದ್ದೆ’ ಎಂಬ ಪದ ಮಾತ್ರ ಮೂರನೆಯ ಸಾಲಿನಲ್ಲಿ ಒಂಟಿಯಾಗಿ ಉಳಿಯಿತು. ಅಪ್ಪ ಅದನ್ನು ಎಂದೂ ಆಡಿರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಕಾರಣವೊಂದು ಬೇಕಿತ್ತು. ದೊಡ್ಡವರು ಯಾರೂ ಕಾರಣ ಹೇಳಿರಲಿಲ್ಲ. ಓಣಿ ಕೊಟ್ಟ ಕಾರಣವನ್ನೇ ಅವಳು ಇಟ್ಟುಕೊಂಡಳು.

ನಮ್ಮ ಮನೋವಿಜ್ಞಾನದ ಪತ್ರಿಕೆಯಲ್ಲಿ ಓದಿದ್ದು ಆಗ ಅರ್ಥವಾಗತೊಡಗಿತು. ಕೇಂಬ್ರಿಡ್ಜಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದುಗರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಕೊಟ್ಟು, ಅದನ್ನು ನೆನಪಿನಿಂದ ಮತ್ತೆ ಮತ್ತೆ ಹೇಳಿಸಿದರು. ಪ್ರತಿ ಸಲವೂ ಓದುಗರು ಅಪರಿಚಿತ ವಿವರಗಳನ್ನು ಬಿಟ್ಟು, ತಮಗೆ ಪರಿಚಿತವಾದುದನ್ನು ತುಂಬಿಕೊಂಡರು. ಕಥೆಯ ದೋಣಿಯ ಬಗೆ ಕೂಡ ಬದಲಾಯಿತು. ನೆನಪೆಂದರೆ ಕಪಾಟಿನಿಂದ ತೆಗೆದ ಫೋಟೊ ಅಲ್ಲ, ಪ್ರತಿ ಸಲ ಮತ್ತೆ ಕಟ್ಟುವ ಗೋಡೆ. ಅಮೆರಿಕದ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ, ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮಗಳ ತಿರುಳೂ ಇದಕ್ಕೆ ಹತ್ತಿರದ್ದು. ಘಟನೆಯೊಂದೇ ನಮ್ಮ ನೋವನ್ನು ತೀರ್ಮಾನಿಸುವುದಿಲ್ಲ, ನಡುವೆ ಒಂದು ನಂಬಿಕೆ ಇರುತ್ತದೆ. ಆ ನಂಬಿಕೆಯನ್ನು ಊಹೆಯೆಂದು ಇಟ್ಟುಕೊಂಡು ಸಾಕ್ಷ್ಯ ಕೇಳಬಹುದು.

ಸಾಕ್ಷ್ಯ ಕೇಳಲು ನನಗೆ ಉಳಿದಿದ್ದವರು ಅವ್ವ ಮಾತ್ರ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ದಸರೆ ರಜೆಯಲ್ಲಿ ಊರಿಗೆ ಹೋದಾಗ, ಆಕೆ ಜೋಳ ಹಸನು ಮಾಡುತ್ತಾ ಕೂತಿದ್ದಾಗ ಕೇಳಿದೆ: “ಯವ್ವಾ, ಆಗ ನನ್ನ ಯಾಕ ಬಿಟ್ಟು ಹೋದ್ರಿ?”

ಅವ್ವ ಮೊರ ಕೆಳಗಿಟ್ಟಳು. “ಅಲ್ಲಿ ಸಾಲಿ ಎಲ್ಲಿತ್ತವ್ವ? ತಗಡಿನ ಶೆಡ್ಡು. ನಮ್ಮ ಕೂಡ ಬಂದಿದ್ರ ನೀ ದಿನಾ ತಮ್ಮನ್ನ ಬಗಲಾಗ ಹೊತ್ಕೊಂಡು ಕುಂದರ್ತಿದ್ದಿ. ಇಲ್ಲಿ ಸಾಲ್ಯಾಗ ಮಧ್ಯಾಹ್ನ ಬಿಸಿ ಅನ್ನ ಹಾಕಾಕ ಶುರು ಮಾಡಿದ್ರು. ಒಂದ್ ಹೊತ್ತಿಂದು ಚಿಂತಿ ಇಲ್ಲ, ಓದೂ ನಿಲ್ಲಂಗಿಲ್ಲ ಅಂತ ನಿಮ್ಮಪ್ಪ ಅಂದ್ರು.”

ಬಿಸಿಯೂಟದ ಇತಿಹಾಸವನ್ನು ನಾವು ಪರೀಕ್ಷೆಗೆಂದು ಓದುತ್ತೇವೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಯಿತು, ರಾಯಚೂರು ಅದರಲ್ಲೊಂದು ಎಂದು ನಾನೂ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಆ ಯೋಜನೆ ನಮ್ಮ ಮನೆಯಲ್ಲಿ, ಒಂದು ರಾತ್ರಿಯ ಮಾತುಕತೆಯಲ್ಲಿ, ನನ್ನ ಓದು ಮುಂದುವರಿಯಬೇಕು ಎಂಬ ತೀರ್ಮಾನಕ್ಕೆ ಆಧಾರವಾಗಿತ್ತು ಎಂಬುದು ಅಂದು ತಿಳಿಯಿತು.

ಆದರೆ ಎಲ್ಲ ಗಂಟೂ ಬಿಚ್ಚಿಕೊಳ್ಳಲಿಲ್ಲ. ಫೋನಿನ ವಿಷಯ ಕೇಳಿದೆ. “ಅವ್ರ ಸ್ವಭಾವನ ಹಂಗ” ಎಂದಳು ಅವ್ವ. ಯುಗಾದಿಯ ಬಗ್ಗೆ, “ಒಂದ್ ಸಲ ಮೇಸ್ತ್ರಿ ಪಗಾರ ಕೊಡಲಿಲ್ಲ. ಇನ್ನೊಂದ್ ಸಲ ಯಾಕಂತ ನೆನಪಿಲ್ಲ” ಎಂದಳು. ತಮ್ಮನ ಮೇಲೆ ಅಪ್ಪನಿಗೆ ಒಂದು ಕೈ ಹೆಚ್ಚು ಅಕ್ಕರೆ ಇತ್ತು ಎಂಬುದನ್ನೂ ಅವ್ವ ಅಲ್ಲಗಳೆಯಲಿಲ್ಲ. ಹಾಗಾಗಿ ನನ್ನ ದಿನಚರಿಯ ವಾಕ್ಯವನ್ನು ಅಳಿಸಿ ‘ಅಪ್ಪನಿಗೆ ನನ್ನ ಮೇಲೆ ಬಹಳ ಪ್ರೀತಿಯಿತ್ತು’ ಎಂದು ಬರೆಯಲು ಹೋಗಲಿಲ್ಲ. ಅದಕ್ಕೂ ಸಾಕ್ಷ್ಯ ಸಾಲದು. ‘ನನ್ನ ಓದು ನಿಲ್ಲಬಾರದೆಂದು ಬಿಟ್ಟು ಹೋದರು. ನನ್ನ ಜೊತೆ ಮಾತಾಡಲಿಲ್ಲ. ಎರಡೂ ನಿಜ’ ಎಂದು ಬರೆದೆ. ಈ ವಾಕ್ಯದಲ್ಲೂ ನೋವಿದೆ. ಆದರೆ ಅದು ಒಬ್ಬ ಮನುಷ್ಯನ ಮೌನದಿಂದ ಆದ ನೋವು, ನನ್ನ ಬೆಲೆಯ ಬಗ್ಗೆ ಯಾರೋ ಕೊಟ್ಟ ತೀರ್ಪಲ್ಲ. ಈ ನೋವನ್ನು ಹೊತ್ತು ನಡೆಯಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಂಬಿಕೆಯನ್ನು ಪ್ರಶ್ನಿಸುವುದೆಂದರೆ ನಡೆದದ್ದನ್ನು ಇಲ್ಲವೆನ್ನುವುದಲ್ಲ, ದೊಡ್ಡವರನ್ನು ಹೇಗಾದರೂ ಕ್ಷಮಿಸುವುದೂ ಅಲ್ಲ. ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ ಇವು ‘ಕಂಡದ್ದು’ ಸಾಲಿನವು. ಅಲ್ಲಿ ಪ್ರಶ್ನಿಸಬೇಕಾದ ನಂಬಿಕೆ ‘ಇದಕ್ಕೆ ನಾನೇ ಕಾರಣ’ ಎಂಬುದೊಂದೇ. ಇಂದು ಸಂಕಟದಲ್ಲಿರುವ ಮಗುವಿನ ಮುಂದೆ ಕಂಬಸಾಲು ಎಳೆಯುತ್ತಾ ಕೂರುವಂತಿಲ್ಲ. ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಅದನ್ನು ವರದಿ ಮಾಡುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಪ್ರಶಿಕ್ಷಣಾರ್ಥಿಗಳಲ್ಲೂ ಹಳೆಯ ನೆನಪಿನಿಂದ ನಿದ್ದೆಗೆಟ್ಟವರಿದ್ದರೆ ದಿನಚರಿಯೊಂದೇ ಸಾಲದು. ಟೆಲಿ-ಮಾನಸ್ 14416ರಲ್ಲಿ ಉಚಿತವಾಗಿ ಮಾತಾಡಬಹುದು.

ಇದರ ಫಲ ನನ್ನ ಪಾಠಯೋಜನೆಯಲ್ಲೂ ಕಂಡಿತು. ಇಂಟರ್ನ್‌ಶಿಪ್ಪಿನಲ್ಲಿ ಆರನೇ ತರಗತಿಯ ಕನ್ನಡಕ್ಕೆ ‘ನನ್ನ ಕುಟುಂಬ’ ಎಂಬ ಪ್ರಬಂಧದ ವಿಷಯ ನಿಗದಿಯಾಗಿತ್ತು. ಆ ತರಗತಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುವ ಮಕ್ಕಳು ಐದು ಮಂದಿ ಇದ್ದರು. ‘ನನ್ನ ಕುಟುಂಬ’ ಎಂದರೆ ಮಗು ತೀರ್ಪು ಬರೆಯಬೇಕಾಗುತ್ತದೆ: ನಮ್ಮದು ಸುಖೀ ಕುಟುಂಬ, ಅಪ್ಪ ಅಮ್ಮನಿಗೆ ನಾನೆಂದರೆ ಪ್ರಾಣ. ಮಾರ್ಗದರ್ಶಕರ ಒಪ್ಪಿಗೆ ಪಡೆದು ವಿಷಯವನ್ನು ‘ನಿನ್ನೆ ಸಂಜೆ ನಮ್ಮ ಮನೆಯಲ್ಲಿ’ ಎಂದು ಬದಲಿಸಿದೆ. ಕಂಡದ್ದು, ಕೇಳಿದ್ದು ಬರೆದರೆ ಸಾಕು ಎಂದೆ.

ಆ ಐವರಲ್ಲಿ ಒಬ್ಬಳು ಒಂದು ಪುಟ ತುಂಬ ಬರೆದಳು. ಅಜ್ಜಿ ಒಲೆ ಊದಿದ್ದು, ಬೆಕ್ಕು ಹಾಲಿಗೆ ಬಾಯಿ ಹಾಕಿದ್ದು, ಪುಣೆಯಿಂದ ಅವ್ವನ ಫೋನು ಬಂದಾಗ ಅಜ್ಜಿ ಅದನ್ನು ತನ್ನ ಕೈಗೆ ಕೊಡದೇ ಇದ್ದದ್ದು. ಕೊನೆಯಲ್ಲಿ ‘ಯಾಕೆ ಅಂತ ಗೊತ್ತಿಲ್ಲ’ ಎಂದು ಬರೆದಿದ್ದಳು. ನಾನು ಆ ವಾಕ್ಯದ ಪಕ್ಕದಲ್ಲಿ ಸರಿ ಗುರುತು ಹಾಕಿ, ‘ಇವತ್ತು ಅಜ್ಜಿಯನ್ನು ಕೇಳಿ ನೋಡು’ ಎಂದು ಬರೆದೆ.