ಎಂವಿಪಿ ಕಾಲೋನಿಯಲ್ಲಿ ನಮ್ಮದೇ ಒಂದು ಹೊತ್ತು

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಹೆಸರು ಕೇಳಿ, ಇದು ಯಾವುದೋ ದೊಡ್ಡ ಮನುಷ್ಯರ ಹೆಸರಿನ ಮೊದಲಕ್ಷರಗಳಿರಬೇಕು ಎಂದುಕೊಳ್ಳುವವರೇ ಹೆಚ್ಚು. ಅದು ಮುವ್ವಲವಾನಿಪಾಲೆಂ ಎಂಬ ಹಳ್ಳಿಯ ಹೆಸರು. ಹಳ್ಳಿ ಇದ್ದ ಜಾಗದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದವರು ಸೆಕ್ಟರ್‌ಗಳಾಗಿ ಬಡಾವಣೆ ಕಟ್ಟಿದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವಲ್ಪ ದೂರದಲ್ಲಿ ಆಂಧ್ರ ವಿಶ್ವವಿದ್ಯಾಲಯ. ಓದು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಇಲ್ಲಿ ರೂಮು ಮಾಡಿಕೊಂಡಿರುವುದು ಸಾಮಾನ್ಯ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನಾನೂ ಐದು ವರ್ಷಗಳಿಂದ ಇಲ್ಲೇ ಇದ್ದೇನೆ.

ಆ ವಿಶ್ವವಿದ್ಯಾಲಯಕ್ಕೂ ನಮಗೂ ಹಳೆಯ ನಂಟಿದೆ. 1926ರಲ್ಲಿ ಅದು ಶುರುವಾದದ್ದು ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ. 1930ರಲ್ಲಿ ವಾಲ್ಟೇರಿಗೆ ಬಂತು. ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೂ ಮೊದಲು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದವರು. 1931ರಲ್ಲಿ ಅವರ ಸ್ಥಾನಕ್ಕೆ ಬಂದ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಆ ಕ್ಯಾಂಪಸ್ಸಿನ ಮರಗಳ ಕೆಳಗೆ ನಡೆಯುವಾಗ ಧಾರವಾಡದ ನೆನಪಾಗದೆ ಇರದು.

ಹಾಸ್ಟೆಲಿನಲ್ಲಿ ಊಟದ ಹೊತ್ತು ಮೆಸ್ಸಿನವರದು, ಉಳಿದ ಹೊತ್ತೆಲ್ಲ ನಮ್ಮದು. ಎಂಟೂವರೆಗೆ ತಿಂಡಿ ಮುಗಿಯುತ್ತದೆ ಅಂದರೆ ಮುಗಿಯಿತು, ಬೈದುಕೊಂಡಾದರೂ ಏಳುತ್ತಿದ್ದೆವು. ಕ್ಲಾಸಿನಿಂದ ಲೈಬ್ರರಿಗೆ, ಲೈಬ್ರರಿಯಿಂದ ಚಹಾದಂಗಡಿಗೆ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಲೆಕ್ಕವಿಲ್ಲದೆ ನಡೆದುಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಇದು ತಿರುವುಮುರುವು. ಊಟ ಯಾವಾಗ ಬೇಕಾದರೂ ಮಾಡಬಹುದು, ಕೇಳುವವರಿಲ್ಲ. ಆದರೆ ಹೊತ್ತು ನಮ್ಮದಲ್ಲ.

ಹೋದ ವರ್ಷ ನಮ್ಮ ರೂಮಿಗೆ ರಾಯಚೂರಿನ ಹುಡುಗನೊಬ್ಬ ಬಂದ. ವಯಸ್ಸು ಇಪ್ಪತ್ತಮೂರು, ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವನು. ಏಳು ತಿಂಗಳಿಗೆ ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ಬಿಪಿ 142/94 ಬಂತು. ನಕ್ಕು ಬಿಟ್ಟುಬಿಡುವಂತಿರಲಿಲ್ಲ. ಅವನ ತಂದೆಗೆ ನಲವತ್ತೆಂಟಕ್ಕೇ ಲಕ್ವಾ ಹೊಡೆದಿತ್ತು, ಮನೆ ನಡೆಯುತ್ತಿದ್ದದ್ದು ಇವನ ಸಂಬಳದಲ್ಲಿ. ಡಾಕ್ಟರು ಬೇರೆ ಬೇರೆ ದಿನ ಮತ್ತೆರಡು ಸಲ ನೋಡಿ, ಮಾತ್ರೆ ಈಗಲೇ ಬೇಡ, ಮೂರು ತಿಂಗಳು ಉಪ್ಪು, ನಿದ್ದೆ, ನಡಿಗೆ ಸರಿಮಾಡಿಕೊಂಡು ಬಾ ಎಂದರು.

ಕೆಲಸ ಹತ್ತರಿಂದ ಏಳರವರೆಗೆ. ಆದರೂ ಅವನು ಮಲಗುತ್ತಿದ್ದದ್ದು ರಾತ್ರಿ ಎರಡಕ್ಕೆ. ಯಾಕಪ್ಪಾ ಅಂದರೆ, “ಇಡೀ ದಿನ ಕಂಪನಿದು ಅಣ್ಣಾ, ಇದೊಂದ ಹೊತ್ತು ನಂದು” ಅಂದ. ಮೊಬೈಲ್ ಹಿಡಿದು ಕೂತಿದ್ದವನಿಗೆ ಬುದ್ಧಿ ಹೇಳಲು ಹೊರಟಿದ್ದ ನನ್ನ ಬಾಯಿ ಅಲ್ಲಿಗೆ ಕಟ್ಟಿತು. ತನ್ನದೇ ಹೊತ್ತು ಬೇಕೆನ್ನುವುದು ತಪ್ಪಲ್ಲ. ಅದನ್ನು ರಾತ್ರಿಯಿಂದ ಬೆಳಗಿಗೆ ತರಬೇಕಿತ್ತು ಅಷ್ಟೆ.

ಅದಕ್ಕೆ ಈ ಊರು ಹೇಳಿ ಮಾಡಿಸಿದಂತಿದೆ. ನಮ್ಮ ದೇಶದ ಗಡಿಯಾರಕ್ಕೆ ಆಧಾರವಾದ 82.5 ಡಿಗ್ರಿ ರೇಖಾಂಶ ಹಾದುಹೋಗುವುದು ಕಾಕಿನಾಡದ ಹತ್ತಿರ. ವಿಶಾಖಪಟ್ಟಣ ಅದಕ್ಕೂ ಪೂರ್ವಕ್ಕಿದೆ. ಹಾಗಾಗಿ ಧಾರವಾಡಕ್ಕಿಂತ ಸುಮಾರು ಅರ್ಧ ಗಂಟೆ ಮೊದಲೇ ಇಲ್ಲಿ ಬೆಳಗಾಗುತ್ತದೆ, ಅಷ್ಟೇ ಬೇಗ ಕತ್ತಲಾಗುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಹಿಂದಕ್ಕೆ ಸರಿಯುತ್ತದೆ, ರಾತ್ರಿ ನಿದ್ದೆ ಬೇಗ ಬರುತ್ತದೆ. ಕಿಟಕಿಯ ಪರದೆ ಸರಿಸಿಟ್ಟು ಮಲಗಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ನಡಿಗೆಗೆ ರಾಮಕೃಷ್ಣ ಬೀಚ್ ಇದೆ. ಬೆಳಗಿನ ಜಾವ ಆ ರಸ್ತೆಗೆ ವಾಹನ ಬಿಡುವುದಿಲ್ಲ. ಕುರ್ಸುರಾ ಜಲಾಂತರ್ಗಾಮಿ ಮ್ಯೂಸಿಯಂ ಮುಂದೆ ನಿವೃತ್ತರು, ನೌಕಾಪಡೆಯವರು, ವಿದ್ಯಾರ್ಥಿಗಳು ಎಲ್ಲ ಸೇರಿ ರಸ್ತೆ ತುಂಬಾ ನಡೆಯುತ್ತಿರುತ್ತಾರೆ. ಅಷ್ಟು ದೂರ ಬೇಡವೆಂದರೆ ಕಾಲೋನಿಯಿಂದ ಲಾಸನ್ಸ್ ಬೇ ಕಡೆಗೆ ಇಳಿದರಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೆ ಲೆಕ್ಕ ಸರಿಹೋಯಿತು. ಒಂದೇ ಎಚ್ಚರ: ನೀರಿಗೆ ಮಾತ್ರ ಇಳಿಯಬೇಡಿ, ಇಲ್ಲಿ ಒಳಸೆಳೆತ ಜೋರು.

ಬರುವಾಗ ಎಂವಿಪಿಯ ರೈತು ಬಜಾರ್. ರೈತರು ನೇರವಾಗಿ ಮಾರಲೆಂದು ಆಂಧ್ರದಲ್ಲಿ 1999ರಲ್ಲಿ ಶುರುವಾದ ಸಂತೆಗಳಲ್ಲಿ ಇದೂ ಒಂದು. ದಿನದ ದರ ಬೋರ್ಡಿನ ಮೇಲೆ ಬರೆದಿರುತ್ತದೆ, ಹೊಸಬರು ಮೋಸಹೋಗುವ ಭಯವಿಲ್ಲ. ಹೆಸರು ಬೇರೆ, ಸೊಪ್ಪು ನಮ್ಮದೇ: ಗೋಂಗೂರ ಅಂದರೆ ಪುಂಡಿ, ಪೊನ್ನಗಂಟಿ ಅಂದರೆ ಹೊನಗೊನೆ, ಬಚ್ಚಲಿ ಅಂದರೆ ಬಸಳೆ. ರಾಯಚೂರಿನವನಿಗೆ ತೆಲುಗು ಬರುತ್ತಿತ್ತು. ಎರಡೇ ವಾರದಲ್ಲಿ ಸೊಪ್ಪು ಮಾರುವ ಅಮ್ಮ ಅವನನ್ನು “ಬಾಬೂ” ಎಂದು ಕರೆದು ಪುಂಡಿಯ ಕಟ್ಟು ತೆಗೆದಿಡುತ್ತಿದ್ದರು. ಊರಲ್ಲಿ ತನಗಾಗಿ ಕಾಯುವವರೊಬ್ಬರು ಇದ್ದಾರೆ ಎನ್ನುವುದು ಏಳಲಿಕ್ಕೆ ಅಲಾರಾಂಗಿಂತ ದೊಡ್ಡ ಕಾರಣ.

ಇಲ್ಲಿನ ಇನ್ನೊಂದು ಅನುಕೂಲ ಕರ್ರಿ ಪಾಯಿಂಟ್. ಮನೆಯಲ್ಲಿ ಅನ್ನ ಮಾಡಿಕೊಂಡು ಪಲ್ಯ, ಪಪ್ಪು, ಸಾಂಬಾರು ಪೊಟ್ಟಣದಲ್ಲಿ ತರುವುದು. ಒಂಟಿಯಾಗಿರುವವರಿಗೆ ಇದು ದೇವರು ಕೊಟ್ಟದ್ದು, ಆದರೆ ಉಪ್ಪು, ಎಣ್ಣೆ ನಮ್ಮ ಕೈಯಲ್ಲಿರುವುದಿಲ್ಲ. ಮೇಲೆ ಆವಕಾಯ, ಹಪ್ಪಳ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕಾದ ಉಪ್ಪು ಒಂದೇ ಊಟಕ್ಕೆ ಮುಗಿದುಹೋಗಬಹುದು. ನಾವು ಮಾಡಿಕೊಂಡ ಏರ್ಪಾಡು ಸರಳ: ರಾತ್ರಿ ಕುಕ್ಕರಿನಲ್ಲಿ ಬೇಳೆ, ಸೊಪ್ಪು ಒಟ್ಟಿಗೆ ಬೇಯಿಸುವುದು, ಪೊಟ್ಟಣ ವಾರಕ್ಕೆ ಎರಡೇ ಸಲ, ಉಪ್ಪಿನಕಾಯಿ ಭಾನುವಾರ.

ಮೂರು ತಿಂಗಳಿಗೆ ಬಿಪಿ 130/84 ಬಂತು. ಪೂರಾ ಇಳಿದಿಲ್ಲ, ಮನೆತನದ ಕಾಯಿಲೆ, ವರ್ಷಕ್ಕೆರಡು ಸಲ ನೋಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಎರಡಕ್ಕೆ ಮಲಗುತ್ತಿದ್ದವನು ಹನ್ನೊಂದಕ್ಕೆ ಮಲಗುತ್ತಾನೆ. ಐದೂವರೆಗೆ ಎದ್ದು, ಕಡಲ ದಂಡೆಯಲ್ಲಿ ಕೂತು ಅಪ್ಪನಿಗೆ ಫೋನ್ ಮಾಡುತ್ತಾನೆ.

ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಇದನ್ನು ಓದುತ್ತಿರುವವರಿಗೆ ಕಡಲು ಇಲ್ಲದಿರಬಹುದು, ಶಿಫ್ಟೂ ಬೇರೆಯಿರಬಹುದು. ಸೊಪ್ಪಿನವರು, ಕೆರೆಯ ಏರಿ, ಪಾರ್ಕು ಎಲ್ಲಾದರೂ ಸಿಕ್ಕೇ ಸಿಗುತ್ತವೆ. ಮನಸ್ಸಿಗೆ ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ರೂಮಿಗೆ ಈ ವರ್ಷ ಹೊಸ ಹುಡುಗ ಬಂದರೆ, ಬಾಡಿಗೆ, ವೈಫೈ ಪಾಸ್‌ವರ್ಡ್ ಹೇಳುವಾಗ ಹತ್ತಿರದ ಸಂತೆ ಎಲ್ಲಿದೆ ಎನ್ನುವುದನ್ನೂ ಹೇಳಿ. ಮೊದಲ ದಿನ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.